ಹೊಸ ವ್ಯಾಯಾಮ ಮತ್ತು ಮೈನೋವು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳದು ಬೆಟ್ಟಗುಡ್ಡಗಳ ಸೀಮೆ. ಮಾಗಡಿಯ ಸಾವನದುರ್ಗ, ರಾಮನಗರದ ರಾಮದೇವರ ಬೆಟ್ಟ, ಕನಕಪುರದ ಕಬ್ಬಾಳುದುರ್ಗ ಇವುಗಳಲ್ಲಿ ಒಂದನ್ನಾದರೂ ಹತ್ತದ ವಿದ್ಯಾರ್ಥಿ ಈ ಕಡೆಯ ಕಾಲೇಜುಗಳಲ್ಲಿ ವಿರಳ. ಹತ್ತಿದವರಿಗೆಲ್ಲ ಒಂದು ಸಂಗತಿ ಅನುಭವದಿಂದ ಗೊತ್ತು. ಸಮುದ್ರಮಟ್ಟದಿಂದ 1226 ಮೀಟರು ಎತ್ತರವಿರುವ ಸಾವನದುರ್ಗವನ್ನು ಏರುವಾಗ ಏದುಸಿರು ಬರುತ್ತದೆ, ಎದೆ ಬಡಿದುಕೊಳ್ಳುತ್ತದೆ, ಬೆವರು ಸುರಿಯುತ್ತದೆ. ಇಳಿಯುವಾಗ ಇವಾವುವೂ ಅಷ್ಟಾಗಿ ಇಲ್ಲ. ಮಾತನಾಡಿಕೊಂಡು ನಗುತ್ತ ಇಳಿಯಬಹುದು. ಅಂದು ರಾತ್ರಿ ಸುಖನಿದ್ರೆ. ಮಾರನೆಯ ಬೆಳಿಗ್ಗೆ ತೊಡೆಗಳು ಹಿಡಿದುಕೊಂಡಿರುತ್ತವೆ. ಅದರ ಮರುದಿನ ಕಾಲೇಜಿನ ಮೆಟ್ಟಿಲನ್ನು ಇಳಿಯಬೇಕಾದರೆ ಗೋಡೆಯ ಆಸರೆ ಬೇಕಾಗುತ್ತದೆ. ಈ ನೋವು ಬೆಟ್ಟ ಏರಿದುದರಿಂದ ಬಂದಿತೋ ಇಳಿದುದರಿಂದ ಬಂದಿತೋ ಎಂದು ಕೇಳಿದರೆ ಏರಿದುದರಿಂದ ಎಂದೇ ಬಹುಮಂದಿ ಹೇಳುತ್ತಾರೆ. ಆ ಉತ್ತರ ಸರಿಯಲ್ಲ. ಏಕೆ ಸರಿಯಲ್ಲವೆಂಬುದನ್ನು ಅರಿತರೆ, ಗರಡಿಗಾಗಲಿ ವ್ಯಾಯಾಮಶಾಲೆಗಾಗಲಿ ಹೊಸದಾಗಿ ಸೇರಿದವರ ಮೈನೋವಿನ ಸ್ವರೂಪವೂ ಬಹುಮಟ್ಟಿಗೆ ಅರ್ಥವಾಗುತ್ತದೆ.

ವಿಷಯ ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ಈಗ ಸಣ್ಣ ಪಟ್ಟಣಗಳಲ್ಲಿಯೂ ವ್ಯಾಯಾಮಶಾಲೆಗಳಿವೆ. ಹಣ ಕೊಟ್ಟರೆ ಒಬ್ಬೊಬ್ಬರಿಗೆ ಒಬ್ಬೊಬ್ಬ ತರಬೇತುದಾರ ದೊರೆಯುತ್ತಾನೆ. ಪೊಲೀಸ್ ಆಯ್ಕೆಯ ದೇಹದಾರ್ಢ್ಯ ಪರೀಕ್ಷೆಗೆ ಸಿದ್ಧರಾಗುವ ಯುವಕ ಯುವತಿಯರೂ, ಸಕ್ಕರೆ ರೋಗಕ್ಕಾಗಿ ವೈದ್ಯರ ಮಾತಿನಂತೆ ವ್ಯಾಯಾಮ ಹಿಡಿದ ನಡುವಯಸ್ಸಿನವರೂ ಅಲ್ಲಿಗೆ ಬರುತ್ತಾರೆ. ಮೂರನೆಯ ದಿನದ ನೋವಿಗೆ ಹೆದರಿ, ತಮ್ಮ ದೇಹಕ್ಕೆ ಇದು ಒಗ್ಗದೆಂದು ನಿಶ್ಚಯಿಸಿ ಬಿಟ್ಟುಹೋಗುವವರುಂಟು. ನೋವೇ ಸಾಧನೆಯ ಗುರುತೆಂದು ನಂಬಿ ಅದರ ಮೇಲೆ ಮತ್ತಷ್ಟು ಹೇರಿಕೊಂಡು ಆಸ್ಪತ್ರೆ ಸೇರುವವರೂ ಉಂಟು. ಎರಡೂ ತಪ್ಪಿಸಬಹುದಾದ ನಷ್ಟಗಳು.

ಮೊದಲು ಒಂದು ಜನಪ್ರಿಯ ವಿವರಣೆಯನ್ನು ಬದಿಗಿಡಬೇಕು. ದುಡಿದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗಿ ಅದು ಚುಚ್ಚುವುದರಿಂದ ನೋವು ಬರುತ್ತದೆಂಬ ಮಾತನ್ನು ಇಂದಿಗೂ ತರಬೇತುದಾರರ ಬಾಯಲ್ಲಿಯೂ ಕೆಲವು ಪಠ್ಯಪುಸ್ತಕಗಳಲ್ಲಿಯೂ ಕಾಣುತ್ತೇವೆ. ಸ್ನಾಯುವಿನ ರಸಾಯನಕ್ರಿಯೆಯಲ್ಲಿ ಈ ಆಮ್ಲದ ಸ್ಥಾನವನ್ನು ಶೋಧಿಸಿದ ಮೈಯರ್‌ಹೋಫ್ ಮತ್ತು ಹಿಲ್ ಎಂಬವರು 1922ನೆಯ ವರ್ಷದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಆ ಶೋಧದ ಕೀರ್ತಿಯೇ ಈ ತಪ್ಪು ಊಹೆಗೆ ಬಲಕೊಟ್ಟಿತೆಂದು ತೋರುತ್ತದೆ. ಆದರೆ ಶ್ರಮ ನಿಂತ ಒಂದೆರಡು ಗಂಟೆಗಳೊಳಗೆ ರಕ್ತದಲ್ಲಿಯೂ ಸ್ನಾಯುವಿನಲ್ಲಿಯೂ ಈ ಆಮ್ಲ ಎಂದಿನ ಮಟ್ಟಕ್ಕೆ ಇಳಿದುಹೋಗುತ್ತದೆ. ನೋವಾದರೋ ಮಾರನೆಯ ದಿನ ಹುಟ್ಟಿ ಮೂರನೆಯ ದಿನ ಉಲ್ಬಣಿಸುವಂಥದು. ಹೋದವನ ಮೇಲೆ ಬಂದವನ ತಪ್ಪನ್ನು ಹೊರಿಸಿದಂತಾಯಿತು. 1983ರಲ್ಲಿ ಶ್ವೇನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಈ ವಾದವನ್ನು ಮುಗಿಸಿತೆನ್ನಬಹುದು. ಸಮತಟ್ಟಾದ ಪಟ್ಟಿಯ ಮೇಲೆ 45 ನಿಮಿಷ ಓಡಿದವರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿತು, ನೋವು ಬರಲಿಲ್ಲ. ಇಳಿಜಾರಿನಲ್ಲಿ ಅಷ್ಟೇ ಹೊತ್ತು ಓಡಿದವರಲ್ಲಿ ಆಮ್ಲ ಏರಲಿಲ್ಲ, ನೋವು ಬಂದಿತು.

ಇಳಿಜಾರಿನ ವಿಶೇಷವೇನು? ಸ್ನಾಯು ದುಡಿಯುವ ಬಗೆಗಳು ಮುಖ್ಯವಾಗಿ ಎರಡು. ಮೆಟ್ಟಿಲು ಏರುವಾಗ ತೊಡೆಯ ಮುಂಭಾಗದ ಸ್ನಾಯು ಬಿಗಿದು ಗಿಡ್ಡವಾಗುತ್ತ ದೇಹವನ್ನು ಎತ್ತುತ್ತದೆ; ಇದನ್ನು ಹ್ರಸ್ವೀಕರಣ ಶ್ರಮವೆಂದು ಕರೆಯೋಣ. ಇಳಿಯುವಾಗ ಅದೇ ಸ್ನಾಯು ದೇಹ ಒಮ್ಮೆಗೇ ಕುಸಿಯದಂತೆ ತಡೆಯುತ್ತ, ಬಿಗಿದಿರುವಾಗಲೇ ಹೊರಗಿನ ಭಾರದಿಂದ ಜಗ್ಗಲ್ಪಟ್ಟು ಉದ್ದವಾಗುತ್ತದೆ. ಇದು ದೀರ್ಘೀಕರಣ ಶ್ರಮ. ಬಸ್ಕಿ ಹೊಡೆಯುವಾಗ ಕುಳಿತುಕೊಳ್ಳುವ ಭಾಗ, ದಂಡ ತೆಗೆಯುವಾಗ ಎದೆಯನ್ನು ನೆಲದತ್ತ ಇಳಿಸುವ ಭಾಗ, ಎತ್ತಿದ ಗುಂಡನ್ನು ಮೆಲ್ಲಗೆ ಇಳಿಸುವ ಭಾಗ ಇವೆಲ್ಲ ಈ ಎರಡನೆಯ ಜಾತಿಗೆ ಸೇರಿದವು.

ಈ ಎರಡರ ಅಂತರವನ್ನು ತೋರಿಸಿದ ಒಂದು ಪ್ರಯೋಗ ಸ್ವಾರಸ್ಯವಾಗಿದೆ. 1952ರಲ್ಲಿ ಇಂಗ್ಲೆಂಡಿನಲ್ಲಿ ಅಬಟ್, ಬಿಗ್ಲೆಂಡ್, ರಿಚಿ ಎಂಬ ಮೂವರು ವಿಜ್ಞಾನಿಗಳು ಎರಡು ಬೈಸಿಕಲ್ಲುಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ ಒಂದೇ ಸರಪಳಿಯಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯಬೇಕು, ಮತ್ತೊಬ್ಬರು ಹಿಂದಕ್ಕೆ ತಿರುಗುವ ತುಳಿಗೆಯನ್ನು ತಡೆಯಬೇಕು. ಇಬ್ಬರ ಕಾಲಿನ ಬಲವೂ ಸಮ. ಆದರೂ ತಡೆಯುವವರಿಗೆ ಬೇಕಾದ ಆಮ್ಲಜನಕ ತುಳಿಯುವವರದಕ್ಕಿಂತ ಹಲವು ಪಾಲು ಕಡಮೆ. ಬೆಟ್ಟ ಇಳಿಯುವಾಗ ಏದುಸಿರು ಬರದಿರುವುದಕ್ಕೆ ಇದೇ ಕಾರಣ: ಕೆಲವೇ ಸ್ನಾಯುತಂತುಗಳು ಕೆಲಸಕ್ಕೆ ಇಳಿದು ಭಾರವನ್ನೆಲ್ಲ ಹೊರುತ್ತವೆ. ಉಸಿರಿಗೆ ಲಾಭ, ಆ ಕೆಲವು ತಂತುಗಳಿಗೆ ಮಾತ್ರ ಒಂದೊಂದಕ್ಕೂ ಬೀಳುವ ಜಗ್ಗು ಹೆಚ್ಚು.

ಆ ಜಗ್ಗಿನ ಫಲವನ್ನು ಸೂಕ್ಷ್ಮದರ್ಶಕ ತೋರಿಸಿಕೊಟ್ಟಿದೆ. ಸ್ನಾಯುತಂತುವಿನೊಳಗೆ ಸಾರ್ಕೋಮಿಯರ್ ಎಂಬ ಅತಿಸಣ್ಣ ಘಟಕಗಳು ಸಾಲಾಗಿ ಪೋಣಿಸಿದಂತಿವೆ. ಅವುಗಳ ನಡುವಣ ಗಡಿಗೆ ಜಡ್ ರೇಖೆಯೆಂದು ಹೆಸರು. 1981ರಲ್ಲಿ ಸ್ವೀಡನ್ನಿನ ಫ್ರೀಡೆನ್ ಮತ್ತು ಸಂಗಡಿಗರು, ಮಹಡಿಯ ಮೆಟ್ಟಿಲುಗಳನ್ನು ಮತ್ತೆ ಮತ್ತೆ ಇಳಿದು ನೋವು ತಂದುಕೊಂಡವರ ಸ್ನಾಯುವಿನಿಂದ ಚೂರು ತೆಗೆದು ನೋಡಿದಾಗ ಈ ರೇಖೆಗಳು ಅಲ್ಲಲ್ಲಿ ಸೊಟ್ಟಗಾಗಿ ಚೆದರಿದ್ದುವು. ರೇಷ್ಮೆಯ ಹುರಿಯಲ್ಲಿ ಒಂದೆರಡು ಎಳೆ ಹರಿದರೆ ಹುರಿ ಹರಿಯುವುದಿಲ್ಲ, ಸಡಿಲವಾಗುತ್ತದೆ, ಇದೂ ಹಾಗೆ. 1902ರಷ್ಟು ಹಿಂದೆಯೇ ಅಮೆರಿಕದ ಹಫ್ ಎಂಬ ವಿದ್ವಾಂಸ, ತಡವಾಗಿ ಬರುವ ನೋವಿಗೆ ಸ್ನಾಯುವಿನೊಳಗಿನ ಸಣ್ಣ ಹರಿತವೇ ಕಾರಣವಿರಬೇಕೆಂದು ಊಹಿಸಿದ್ದನು. ಸೂಕ್ಷ್ಮದರ್ಶಕದ ಸಾಕ್ಷ್ಯ ದೊರೆಯಲು ಸುಮಾರು ಎಂಬತ್ತು ವರ್ಷ ಬೇಕಾಯಿತು.

ಹರಿತವೊಂದೇ ನೋವೆಂದು ಭಾವಿಸಬಾರದು. ಹರಿತ ಆಗುವುದು ಶ್ರಮದ ಕಾಲದಲ್ಲಿ; ಸ್ನಾಯುವಿನ ಬಲ ಕುಗ್ಗುವುದೂ ಆಗಲೇ. ನೋವು ಎಂಟು ಹತ್ತು ಗಂಟೆಗಳ ಮೇಲೆ ತಲೆದೋರಿ, 24ರಿಂದ 72 ಗಂಟೆಗಳ ನಡುವೆ ಶಿಖರ ಮುಟ್ಟಿ, ಸಾಮಾನ್ಯವಾಗಿ ವಾರದೊಳಗೆ ಅಡಗುತ್ತದೆ. ಈ ನಡುವಿನ ಕಾಲದಲ್ಲಿ ದೇಹ ದುರಸ್ತಿಯ ಕೆಲಸ ಹಿಡಿದಿರುತ್ತದೆ. ಬ್ರಾಡಿಕೈನಿನ್ ಮೊದಲಾದ ದ್ರವ್ಯಗಳೂ ನರಗಳನ್ನು ಬೆಳೆಸುವ ಒಂದು ಪ್ರೋಟೀನೂ ಉತ್ಪನ್ನವಾಗಿ ಅಲ್ಲಿಯ ನರಗಳ ತುದಿಗಳನ್ನು ಸೂಕ್ಷ್ಮಗೊಳಿಸುತ್ತವೆ. ಆದುದರಿಂದಲೇ ಸುಮ್ಮನೆ ಕುಳಿತಾಗ ಇಲ್ಲದ ನೋವು ಮುಟ್ಟಿದಾಗ, ಎದ್ದಾಗ, ಚಾಚಿದಾಗ ಕಾಣಿಸಿಕೊಳ್ಳುತ್ತದೆ. ನೋವಿನ ಪ್ರಮಾಣಕ್ಕೂ ಹರಿತದ ಪ್ರಮಾಣಕ್ಕೂ ನೇರವಾದ ಹೊಂದಿಕೆಯಿಲ್ಲವೆಂದು ನೊಸಾಕ ಮೊದಲಾದವರ ಅಧ್ಯಯನಗಳಿಂದ ತಿಳಿದಿದೆ. ಹೆಚ್ಚು ನೊಂದವನು ಹೆಚ್ಚು ಬೆಳೆಯುತ್ತಾನೆಂಬ ವ್ಯಾಯಾಮಶಾಲೆಯ ನಂಬಿಕೆಗೆ ಇದರಿಂದ ಆಧಾರ ತಪ್ಪಿಹೋಗುತ್ತದೆ.

ಇನ್ನು ದೇಹದ ಅತ್ಯಂತ ಸೊಗಸಾದ ಗುಣವೊಂದನ್ನು ಹೇಳಬೇಕು. ಇದೇ ಶ್ರಮವನ್ನು ಎರಡು ವಾರ ಬಿಟ್ಟು ಮತ್ತೆ ಮಾಡಿದರೆ ನೋವು ಮೊದಲಿಗಿಂತ ಬಹಳ ಕಡಮೆಯಾಗಿರುತ್ತದೆ. ಒಂದು ಸಲದ ಪಾಠವನ್ನು ಸ್ನಾಯು ಹಲವು ವಾರ, ಕೆಲವು ಪ್ರಯೋಗಗಳಲ್ಲಿ ಆರು ತಿಂಗಳವರೆಗೂ, ನೆನಪಿಟ್ಟುಕೊಂಡಿರುವುದು ಕಂಡುಬಂದಿದೆ. ಅದಕ್ಕಿಂತ ಮಹತ್ತ್ವದ ವಿಷಯವೆಂದರೆ, ಈ ರಕ್ಷಣೆಯನ್ನು ಪಡೆಯಲು ನೋವು ತಿನ್ನಲೇಬೇಕೆಂಬ ನಿಯಮವಿಲ್ಲ. ಬಹು ಹಗುರವಾದ, ಕೆಲವೇ ಎಣಿಕೆಯ ದೀರ್ಘೀಕರಣ ಶ್ರಮವೂ ಬಹುಪಾಲು ರಕ್ಷಣೆಯನ್ನು ಕೊಡುತ್ತದೆ. ಆದರೆ ಪಾಠ ಕಲಿತುದು ಆ ಸ್ನಾಯುವಿಗೆ, ಆ ಚಲನೆಗೆ ಮಾತ್ರ. ದಿನವೆಲ್ಲ ಹಾಲೆಮರವನ್ನು ಕಡೆದು ಬೊಂಬೆ ಮಾಡುವ ಚನ್ನಪಟ್ಟಣದ ಕಸುಬುದಾರನ ತೋಳು ಪಳಗಿದೆಯೆಂದು ಅವನ ತೊಡೆ ಐವತ್ತು ಬಸ್ಕಿಯನ್ನು ತಾಳುವುದಿಲ್ಲ. ವರ್ಷವಿಡೀ ದುಡಿಯುವ ರೈತ ಹೆಂಗಸಿಗೂ ರಾಗಿ ಕೊಯ್ಲಿನ ಮೊದಲ ಎರಡು ಮೂರು ದಿನ ಸೊಂಟ, ತೊಡೆಯ ಹಿಂಭಾಗ ನೋಯುವುದನ್ನು ಹಳ್ಳಿಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಇಷ್ಟು ತಿಳಿದ ಮೇಲೆ ಹಳೆಯ ಮೈಸೂರು ಸೀಮೆಯ ಗರಡಿಯ ಕ್ರಮವನ್ನು ನೋಡಿದರೆ ಅದರಲ್ಲಿ ಅಡಗಿರುವ ವಿವೇಕ ಗೋಚರವಾಗುತ್ತದೆ. ಈ ನಾಡಿನಲ್ಲಿ ಮಲ್ಲವಿದ್ಯೆಯ ಶಾಸ್ತ್ರ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಅಭ್ಯಾಸಗಳನ್ನು ಭಾರಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ಮುಂತಾಗಿ ವಿಂಗಡಿಸಿದೆ, ಭಾರ ಎತ್ತುವುದು, ಈಜುವುದು, ಕಂಬದ ಮೇಲಿನ ಸಾಮು ಎಂದು ಇವುಗಳ ಅರ್ಥ. ಆಯುರ್ವೇದದ ವಾಗ್ಭಟನೇ ಮೊದಲಾದವರು ಬಲವಂತನಾದವನೂ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ವಿಧಿಸಿದ್ದಾರೆ. ಗರಡಿಯಲ್ಲಿ ಹೊಸಬನನ್ನು ಉಸ್ತಾದನು ಮೊದಲ ದಿನವೇ ಮಟ್ಟಿಗೆ ಇಳಿಸಿ ಜೋಡಿ ಕಟ್ಟುವುದಿಲ್ಲ. ಮಣ್ಣು ಅಗೆದು ಹದಮಾಡುವುದು, ಹಿರಿಯರಿಗೆ ಮಾಲೀಸು ಮಾಡುವುದು, ಎಣಿಸಿ ಕೊಟ್ಟ ಕೆಲವು ದಂಡ ಬಸ್ಕಿ, ಇಷ್ಟರಲ್ಲಿ ದಿನಗಳು ಕಳೆಯುತ್ತವೆ. ಎಣಿಕೆ ಮೆಲ್ಲಮೆಲ್ಲಗೆ ಏರುತ್ತದೆ. ಜಡ್ ರೇಖೆಯ ಹೆಸರನ್ನು ಕೇಳದ ಉಸ್ತಾದ, ಸ್ನಾಯುವಿಗೆ ಹಗುರ ಪಾಠವನ್ನು ಮೊದಲು ಕೊಡುವ ನಿಯಮವನ್ನು ಪಾಲಿಸುತ್ತಿದ್ದನು. ಗರಡಿಯಲ್ಲಿ ಎಲ್ಲವೂ ಶಾಸ್ತ್ರೀಯವಾಗಿತ್ತೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಹೊಸಬನ ಪೌರುಷವನ್ನು ಪರೀಕ್ಷಿಸಲು ಮೈ ಮುರಿಸುವ ಉಸ್ತಾದರೂ ಇದ್ದಿರಲೇಬೇಕು.

ಇಂದಿನ ತರಬೇತುದಾರನ ಕಷ್ಟ ಬೇರೆ. ತಿಂಗಳ ಹಣ ಕೊಟ್ಟವರು ಮೊದಲ ದಿನವೇ ಬೆವರು ಕಾಣಬಯಸುತ್ತಾರೆ. ಸುಲಭವಾದುದನ್ನು ಮಾಡಿಸಿದರೆ ಹಣ ದಂಡವೆಂದುಕೊಳ್ಳುತ್ತಾರೆ. ಹೀಗಾಗಿ ಇಪ್ಪತ್ತು ಸಾಕಾದಲ್ಲಿ ನೂರು ನಡೆಯುತ್ತದೆ. ವಿದ್ಯಾರ್ಥಿಗಳು ಧೈರ್ಯವಾಗಿ ಹೇಳಬೇಕಾದ ಮಾತೆಂದರೆ: ಮೊದಲ ಎರಡು ವಾರ ಪ್ರತಿ ವ್ಯಾಯಾಮದ ಒಂದೇ ಸುತ್ತು ಸಾಕು, ಇನ್ನೂ ಅಷ್ಟೇ ಸಲ ಮಾಡಬಲ್ಲೆನೆನ್ನಿಸುವಾಗಲೇ ನಿಲ್ಲಿಸಬೇಕು, ಒಂದೇ ಅಂಗಕ್ಕೆ ಎರಡು ಸಲದ ನಡುವೆ ಎರಡು ದಿನ ಬಿಡುವು ಇರಬೇಕು. ನೋಯುತ್ತಿರುವ ಸ್ನಾಯುವಿನ ಬಲ ಕುಗ್ಗಿರುವುದರಿಂದಲೂ, ಕಾಲು ಎಲ್ಲಿದೆಯೆಂಬ ಅರಿವು ತುಸು ಮಂದವಾಗಿರುವುದರಿಂದಲೂ, ಆ ದಿನಗಳಲ್ಲಿ ಪೂರ್ಣವೇಗದ ಓಟ, ಉದ್ದ ಜಿಗಿತ ಕೂಡದು.

ಬಂದ ನೋವಿಗೆ ಮದ್ದೇನು? ನಿರಾಶೆಯ ಮಾತಿನಿಂದಲೇ ತೊಡಗಬೇಕಾಗಿದೆ. ವ್ಯಾಯಾಮದ ಮುಂಚೆ ಅಥವಾ ಅನಂತರ ಮೈಯನ್ನು ಚಾಚಿ ಎಳೆಯುವುದರಿಂದ ನೋವು ತಪ್ಪುತ್ತದೆಂಬುದು ನಿಜವಲ್ಲ. 2011ರ ಕಾಕ್ರೇನ್ ಸಮೀಕ್ಷೆಯಲ್ಲಿ ಹನ್ನೆರಡು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, 100 ಅಂಕಗಳ ಮಾನದಲ್ಲಿ ನೋವು ಇಳಿದುದು ಹೆಚ್ಚೆಂದರೆ ನಾಲ್ಕು ಅಂಕ. ಮಾಲೀಸಿನಿಂದ ಸ್ವಲ್ಪ ಉಪಶಮನ ಉಂಟು. ಎಣ್ಣೆ ಹಚ್ಚಿ ಬಿಸಿನೀರು ಹುಯ್ದುಕೊಳ್ಳುವ ನಮ್ಮ ಮನೆಗಳ ಪದ್ಧತಿ ಹಿತವೇ ಹೊರತು ಅದರಿಂದ ಹಾನಿಯೇನೂ ಇಲ್ಲ. ಮಂಜಿನ ನೀರಿನಲ್ಲಿ ಕೂರುವುದು ನೋವನ್ನು ತಗ್ಗಿಸಬಹುದಾದರೂ, ಪ್ರತಿಸಲವೂ ಹಾಗೆ ಮಾಡಿದರೆ ಸ್ನಾಯುವಿನ ಬೆಳವಣಿಗೆಗೇ ತಡೆಯಾಗುವ ಸೂಚನೆಗಳಿವೆ. ಹಾಸಿಗೆ ಹಿಡಿಯುವುದಕ್ಕಿಂತ ಮೆಲ್ಲಗೆ ನಡೆದಾಡುವುದು ಮೇಲು. ಚಲಿಸುತ್ತಿರುವಷ್ಟು ಹೊತ್ತು ನೋವು ತಗ್ಗಿರುತ್ತದೆ. ನೋವಿನ ಮಾತ್ರೆಗಳನ್ನು, ಅದರಲ್ಲಿಯೂ ಐಬುಪ್ರೊಫೆನ್ ಜಾತಿಯವನ್ನು, ಬೆವರು ಸುರಿಸಿ ನೀರಡಿಸಿದ ದೇಹಕ್ಕೆ ಕೊಡುವುದು ಮೂತ್ರಪಿಂಡಕ್ಕೆ ಅಪಾಯ.

ಆಹಾರದ ವಿಷಯದಲ್ಲಿ ಡಬ್ಬಿಯ ಪುಡಿಗಳನ್ನು ಕೊಳ್ಳುವ ಮುನ್ನ ಅಡಿಗೆಯ ಮನೆಯನ್ನು ನೋಡುವುದು ಒಳಿತು. ದುರಸ್ತಿಗೆ ಪ್ರೋಟೀನು ಬೇಕು; ಅದು ನೋವನ್ನು ಕಳೆಯುತ್ತದೆಂದಲ್ಲ. 100 ಗ್ರಾಮು ರಾಗಿಯಲ್ಲಿ ಪ್ರೋಟೀನು ಸುಮಾರು 7 ಗ್ರಾಮು ಮಾತ್ರ. ಅಷ್ಟೇ ತೂಕದ ಹುರುಳಿಯಲ್ಲಿ ಸುಮಾರು 22 ಗ್ರಾಮು. ಮುದ್ದೆ ದೊಡ್ಡದಾಗಿ ಸಾರು ತೆಳ್ಳಗಿರುವ ವಿದ್ಯಾರ್ಥಿನಿಲಯಗಳಲ್ಲಿ ಕಾಳನ್ನು ಹೆಚ್ಚಿಸಬೇಕಾಗಿದೆ.

ಸಾಧಾರಣ ನೋವನ್ನೂ ಪೆಟ್ಟನ್ನೂ ಗುರುತಿಸುವುದು ಅಷ್ಟು ಕಠಿನವಲ್ಲ. ಸಾಧಾರಣ ನೋವು ಎರಡು ಕಡೆಯೂ ಇರುತ್ತದೆ, ಸ್ನಾಯುವಿನ ಉದ್ದಗಲಕ್ಕೂ ಹರಡಿರುತ್ತದೆ, ಮರುದಿನ ಹುಟ್ಟುತ್ತದೆ. ಶ್ರಮದ ನಡುವೆಯೇ ತಟಕ್ಕನೆ ಬಂದ ನೋವು, ಕೀಲಿನಲ್ಲಿ ಕೂತ ನೋವು, ಒಂದೇ ಕಡೆ ಬೆರಳಿಟ್ಟು ತೋರಿಸಬಹುದಾದ ನೋವು ಇವು ಪೆಟ್ಟಿನವು.

ಇವೆರಡಕ್ಕಿಂತಲೂ ಬೇರೆಯಾದ ಮೂರನೆಯದೊಂದಿದೆ. ಅಧ್ಯಾಪಕರೂ ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರೂ ಅದನ್ನು ಅವಶ್ಯ ತಿಳಿದಿರಬೇಕು. ಸ್ನಾಯುತಂತುಗಳು ದೊಡ್ಡ ಪ್ರಮಾಣದಲ್ಲಿ ಒಡೆದರೆ ಒಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. 1941ರಲ್ಲಿ ಲಂಡನ್ನಿನ ಬಾಂಬುದಾಳಿಯಲ್ಲಿ ಗೋಡೆಗಳಡಿ ಸಿಕ್ಕಿದವರಲ್ಲಿ ಬೈವಾಟರ್ಸ್ ಮತ್ತು ಬೀಲ್ ಇಂಥ ಮೂತ್ರಪಿಂಡದ ಕೇಡನ್ನು ವರ್ಣಿಸಿದರು. ಒಮ್ಮೆಗೇ ನೂರಾರು ಬಸ್ಕಿ ಹೊಡೆದ ಹೊಸಬರಲ್ಲಿಯೂ ಇದು ಸಂಭವಿಸಿರುವ ವರದಿಗಳು ವೈದ್ಯಸಾಹಿತ್ಯದಲ್ಲಿವೆ. ಕಿವಿ ಹಿಡಿಸಿ ಬಸ್ಕಿ ಹೊಡೆಸುವ ಶಿಕ್ಷೆಯನ್ನೂ, ಹಿರಿಯ ವಿದ್ಯಾರ್ಥಿಗಳು ಹೊಸಬರಿಂದ ಅದನ್ನೇ ಮಾಡಿಸುವ ವಿನೋದವನ್ನೂ ಈ ದೃಷ್ಟಿಯಿಂದ ನೋಡಬೇಕು. ಬೇಸಗೆಯ ಬಿಸಿಲು, ನೀರಡಿಕೆ, ಜ್ವರದಿಂದ ಆಗತಾನೆ ಎದ್ದ ದೇಹ, ಕೊಬ್ಬಿನಂಶ ಇಳಿಸಲು ಕೊಡುವ ಸ್ಟ್ಯಾಟಿನ್ ಮಾತ್ರೆಗಳು ಅಪಾಯವನ್ನು ಹೆಚ್ಚಿಸುತ್ತವೆ. ಅಂಗ ಗಟ್ಟಿಯಾಗಿ ಬಾತು, ತೋಳು ಮಡಿಸಲಾಗದೆ ಅಥವಾ ಕಾಲು ಊರಲಾಗದೆ, ಮೂತ್ರ ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪಾಗಿ ಹೋಗತೊಡಗಿದರೆ ಅದು ಮಾಲೀಸಿಗೂ ಮನೆಮದ್ದಿಗೂ ಸಲ್ಲುವ ವಿಷಯವಲ್ಲ. ಬೆಳಗಾಗಲೆಂದು ಕಾಯದೆ, ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ದು, ಯಾವ ವ್ಯಾಯಾಮವನ್ನು ಎಷ್ಟು ಸಲ ಮಾಡಿದುದೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು.