ಯುದ್ಧಕಾಲದಲ್ಲಿ ಕೋರ್ಟಿನ ಬಾಗಿಲು

ಮುಂಡಗೋಡದ ಟಿಬೆಟನ್ ಕ್ಯಾಂಪು ನೆಲೆಗೊಂಡದ್ದು 1966ರಲ್ಲಿ. ಚೀನಾ ಯುದ್ಧದ ಕಾರಣಕ್ಕೆ 1962ರ ಅಕ್ಟೋಬರ್ 26ರಂದು ಘೋಷಿಸಿದ್ದ ತುರ್ತು ಪರಿಸ್ಥಿತಿ ಆಗಲೂ ತೆರವಾಗಿರಲಿಲ್ಲ. ಯುದ್ಧ ತಿಂಗಳೊಪ್ಪತ್ತಿನಲ್ಲಿ ನಿಂತಿತ್ತು; ತುರ್ತು ಪರಿಸ್ಥಿತಿ ಮಾತ್ರ 1968ರ ಜನವರಿಯವರೆಗೆ ಉಳಿಯಿತು. ಇಂಥ ಕಾಲದಲ್ಲಿ ಸರ್ಕಾರ ಯಾರನ್ನಾದರೂ ಬಂಧಿಸಿದರೆ, ಯಾವ ಕಾನೂನಿನಡಿ ಎಂದು ಕೋರ್ಟು ಕೇಳಬಹುದೇ?

ಷರತ್ತಿದ್ದ ಆದೇಶ

ತುರ್ತು ಪರಿಸ್ಥಿತಿಯಲ್ಲಿ ಮೂಲಭೂತ ಹಕ್ಕುಗಳಿಗಾಗಿ ಕೋರ್ಟಿಗೆ ಹೋಗುವುದನ್ನು ರಾಷ್ಟ್ರಪತಿ ತಡೆಹಿಡಿಯಲು ಸಂವಿಧಾನದ 359ನೇ ವಿಧಿ ಅವಕಾಶ ಕೊಡುತ್ತದೆ. 1962ರ ನವೆಂಬರ್ 3ರಂದು ಅಂಥ ಆದೇಶ ಹೊರಟಿತು. ಆದರೆ ಆ ತಡೆ ಭಾರತ ರಕ್ಷಣಾ ಕಾನೂನಿನಡಿ ಬಂಧಿತರಾದವರಿಗೆ ಮಾತ್ರ ಇತ್ತು. 1963ರ ಮಖನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಎಳೆಯನ್ನೇ ಹಿಡಿಯಿತು: ಬಂಧನ ಆ ಕಾನೂನಿಗೆ ತಕ್ಕಂತೆ ಇಲ್ಲದಿದ್ದರೆ ಅಥವಾ ದುರುದ್ದೇಶದಿಂದ ಕೂಡಿದ್ದರೆ, ಪ್ರಶ್ನಿಸಬಹುದು ಎಂದಿತು. 1965ರ ಸೆಪ್ಟೆಂಬರ್ 7ರಂದು, ಪಾಕಿಸ್ತಾನದೊಡನೆ ಯುದ್ಧ ನಡೆಯುತ್ತಿರುವಾಗಲೇ, ರಾಮಮನೋಹರ ಲೋಹಿಯಾ ಅವರ ಬಂಧನವನ್ನು ಅದೇ ಕೋರ್ಟು ರದ್ದು ಮಾಡಿತು.

ಷರತ್ತಿಲ್ಲದ ಆದೇಶ

1971ರ ಯುದ್ಧದ ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿದ್ದಾಗಲೇ 1975ರ ಜೂನ್ 25ರಂದು ಇನ್ನೊಂದನ್ನು ಘೋಷಿಸಲಾಯಿತು. ಜೂನ್ 27ರ ರಾಷ್ಟ್ರಪತಿ ಆದೇಶದಲ್ಲಿ ಹಿಂದಿನ ಷರತ್ತು ಇರಲಿಲ್ಲ. ಸಮಾನತೆಯ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ, ಬಂಧಿತರ ರಕ್ಷಣೆಯ 22ನೇ ವಿಧಿಗಾಗಿ ಯಾರೂ ಕೋರ್ಟಿಗೆ ಹೋಗುವಂತಿರಲಿಲ್ಲ. ವಿದೇಶಿಯರೂ ಇದರಲ್ಲಿ ಸೇರಿದ್ದಾರೆಂದು ಆದೇಶದಲ್ಲೇ ಬರೆದಿತ್ತು. ದಾಂಡೇಲಿಯ ಕಾಗದ ಕಾರ್ಖಾನೆಯ ಕಾರ್ಮಿಕರು, ಜೋಯಿಡಾದ ಕುಣಬಿ ರೈತರು, ಹಳಿಯಾಳದ ಸಿದ್ದಿಗಳು, ಮುಂಡಗೋಡದ ಟಿಬೆಟನ್ನರು, ಎಲ್ಲರಿಗೂ ಆ ಬಾಗಿಲು ಮುಚ್ಚಿತು.

ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರು ಕರ್ನಾಟಕ ಹೈಕೋರ್ಟಿಗೆ ಅರ್ಜಿ ಹಾಕಿದರು. ಬಂಧನ ಆಂತರಿಕ ಭದ್ರತೆಯ ಮೀಸಾ ಕಾಯ್ದೆಗೆ ಅನುಗುಣವಾಗಿದೆಯೇ ಎಂದು ನೋಡುವ ಅಧಿಕಾರ ತಮಗಿದೆ ಎಂದು ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಹೇಳಿದರು. ಮುಂದೆ ಒಬ್ಬರನ್ನು ಅಲಹಾಬಾದಿಗೂ ಇನ್ನೊಬ್ಬರನ್ನು ಗುವಾಹಟಿಗೂ ವರ್ಗಾಯಿಸಲಾಯಿತು.

ಇತರ ಹೈಕೋರ್ಟುಗಳ ಇಂಥದೇ ತೀರ್ಪುಗಳ ಜೊತೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಪೊಲೀಸರು ಅಕ್ರಮವಾಗಿ ಒಬ್ಬರ ಜೀವ ತೆಗೆದರೂ ಪರಿಹಾರವಿಲ್ಲವೇ ಎಂಬ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ಪ್ರಶ್ನೆಗೆ, ಆದೇಶ ಇರುವವರೆಗೆ ಇಲ್ಲವೆಂದು ಅಟಾರ್ನಿ ಜನರಲ್ ನಿರೇನ್ ಡೇ ಉತ್ತರಿಸಿದರು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ವಾದವನ್ನೇ ಒಪ್ಪಿದರು. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಮರುವರ್ಷ ಹಿರಿತನವಿದ್ದರೂ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರಿಗೆ ಸಿಗಲಿಲ್ಲ. ಅವರು ರಾಜೀನಾಮೆ ಕೊಟ್ಟರು.

ತಿದ್ದಿಕೊಂಡ ಬಗೆ

1978ರ 44ನೇ ತಿದ್ದುಪಡಿಯ ಬಳಿಕ, ಯುದ್ಧವೇ ಬಂದರೂ ಅಪರಾಧದ ಆರೋಪಿಗಳಿಗೆ ರಕ್ಷಣೆ ಕೊಡುವ 20ನೇ ವಿಧಿ ಮತ್ತು 21ನೇ ವಿಧಿಯ ರಕ್ಷಣೆಯನ್ನು ರಾಷ್ಟ್ರಪತಿ ಆದೇಶದಿಂದ ತಡೆಹಿಡಿಯುವಂತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಖಾಸಗಿತನದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟು 1976ರ ತೀರ್ಪನ್ನು ತಪ್ಪೆಂದು ಸಾರಿ ತಳ್ಳಿಹಾಕಿತು.

ಯುದ್ಧ ನಡೆಸಲು ಸರ್ಕಾರಕ್ಕೆ ಹೆಚ್ಚಿನ ಅಧಿಕಾರ ಬೇಕು, ನಿಜ. ಆ ಅಧಿಕಾರ ಕಾನೂನಿನ ಒಳಗೇ ನಡೆದಿದೆಯೇ ಎಂದು ಪರೀಕ್ಷಿಸುವವರೂ ಅಷ್ಟೇ ಬೇಕು. 21ನೇ ವಿಧಿ ಪ್ರಜೆಗಳಿಗಷ್ಟೇ ಸೀಮಿತವಲ್ಲ, ಈ ನೆಲದಲ್ಲಿರುವ ಪ್ರತಿ ವ್ಯಕ್ತಿಗೂ ಸಲ್ಲುತ್ತದೆ. ಅಕ್ರಮ ಬಂಧನವಾದರೆ ಬಂಧಿತರ ಮನೆಯವರೋ ಸ್ನೇಹಿತರೋ ಬಂಧಿತರನ್ನು ಕೋರ್ಟಿನ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ದಾಂಡೇಲಿ, ಜೋಯಿಡಾ, ಹಳಿಯಾಳ, ಮುಂಡಗೋಡ ತಾಲೂಕುಗಳವರು ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಹೈಕೋರ್ಟಿನ ಪೀಠ 2008ರಿಂದ ಧಾರವಾಡದಲ್ಲೇ ಇದೆ.