ಕೂಸಿಗಿಂತ ಹಿರಿಯ ಕುಲಾವಿ

ರಾಜಕೀಯ ಪಕ್ಷಗಳು ವಿದೇಶಿ ಹಣ ಮುಟ್ಟಬಾರದೆಂಬ ನಿಷೇಧ ನಮ್ಮಲ್ಲಿ 1976ರಿಂದಲೂ ಇದೆ. ಅದನ್ನು ಯಾರೂ ತೆಗೆದುಹಾಕಿಲ್ಲ. ಬದಲಾಗಿರುವುದು ‘ವಿದೇಶಿ’ ಎಂಬ ಪದದ ಅರ್ಥ. ತುರ್ತು ಪರಿಸ್ಥಿತಿಯ ದಿನಗಳಲ್ಲಿ ಬಂದ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಲೆಕ್ಕ ನೇರವಾಗಿತ್ತು: ಕಂಪನಿಯ ಅರ್ಧಕ್ಕಿಂತ ಹೆಚ್ಚು ಷೇರು ಹೊರಗಿನವರ ಕೈಯಲ್ಲಿದ್ದರೆ, ಅದು ಇಲ್ಲೇ ನೋಂದಣಿಯಾಗಿದ್ದರೂ ಅದರ ದೇಣಿಗೆ ವಿದೇಶಿಯೇ. 2010ರ ಹೊಸ ಕಾಯ್ದೆಯೂ ಇದೇ ಅಳತೆಗೋಲನ್ನು ಉಳಿಸಿಕೊಂಡಿತು. ಅದರ ಬಿಸಿ ತಟ್ಟಿದ್ದು 2014ರ ಮಾರ್ಚ್ 28ರಂದು. ಲಂಡನ್ನಿನ ವೇದಾಂತ ರಿಸೋರ್ಸಸ್‌ನ ಹಿಡಿತದಲ್ಲಿದ್ದ ಸ್ಟರ್ಲೈಟ್ ಮತ್ತು ಸೇಸಾ ಗೋವಾ (ನಮ್ಮ ಚಿತ್ರದುರ್ಗದಲ್ಲೂ ಅದಿರು ತೆಗೆದ ಕಂಪನಿ) ನೀಡಿದ ದೇಣಿಗೆಯನ್ನು ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ಪಡೆದದ್ದು ಮೇಲ್ನೋಟಕ್ಕೆ ಕಾಯ್ದೆಯ ಉಲ್ಲಂಘನೆ ಎಂದಿತು ದೆಹಲಿ ಹೈಕೋರ್ಟ್. ವೇದಾಂತದ ಒಡೆಯರು ಭಾರತೀಯ ಪ್ರಜೆ ಎಂಬ ವಾದ ನಿಲ್ಲಲಿಲ್ಲ. ಆರು ತಿಂಗಳೊಳಗೆ ಕ್ರಮ ಕೈಗೊಳ್ಳಬೇಕೆಂದು ಕೇಂದ್ರಕ್ಕೂ ಚುನಾವಣಾ ಆಯೋಗಕ್ಕೂ ಸೂಚನೆ ಹೋಯಿತು.

ಕ್ರಮದ ಬದಲು ಬಂದದ್ದು ತಿದ್ದುಪಡಿ. ಆಯಾ ವಲಯಕ್ಕೆ ನಿಗದಿಯಾದ ವಿದೇಶಿ ಹೂಡಿಕೆಯ ಮಿತಿಯೊಳಗಿರುವ ಕಂಪನಿ ‘ವಿದೇಶಿ ಮೂಲ’ವಲ್ಲ ಎಂಬ ಸಾಲನ್ನು 2016ರ ಹಣಕಾಸು ಕಾಯ್ದೆ ಸೇರಿಸಿತು, ಅದು 2010ರ ಸೆಪ್ಟೆಂಬರ್ 26ರಿಂದಲೇ ಜಾರಿಯಲ್ಲಿತ್ತು ಎಂದೂ ಬರೆಯಿತು. ಆದರೆ ಹೈಕೋರ್ಟ್ ನೋಡಿದ್ದು ಹಳೆಯ ಕಾಯ್ದೆಯ ಕಾಲದ ದೇಣಿಗೆಗಳನ್ನು. ಹಾಗಾಗಿ 2018ರಲ್ಲಿ, ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ ಅಂಗೀಕಾರವಾದ ಹಣಕಾಸು ಮಸೂದೆಯ ಮೂಲಕ, ಆ ದಿನಾಂಕ 1976ರ ಆಗಸ್ಟ್ 5ಕ್ಕೆ ಸರಿಯಿತು. 2010ರ ಕಾಯ್ದೆಯ ಒಂದು ಸಾಲು ಅದಕ್ಕೂ 34 ವರ್ಷ ಮೊದಲೇ ಜಾರಿಯಲ್ಲಿತ್ತಂತೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೆವು, ತೊಡಿಸಿಯೂ ಆಗಿತ್ತು ಎಂಬುದು ಹೊಸದು. ಯಾವುದು ‘ವಿದೇಶಿ’ ಎಂಬ ಮಬ್ಬು ಕಾನೂನಿನಲ್ಲಿ ಮೊದಲೇ ಇದ್ದದ್ದಲ್ಲ. ಸ್ಪಷ್ಟವಾಗಿದ್ದ ಗೆರೆಯನ್ನು, ಅದನ್ನು ದಾಟಿ ಸಿಕ್ಕಿಬಿದ್ದವರೇ ಅಳಿಸಿದರು.

ತಿದ್ದುಪಡಿಗೆ ಸಮರ್ಥನೆ ಇಲ್ಲವೆಂದಲ್ಲ. ಉದಾರೀಕರಣದ ನಂತರ ಷೇರುಪೇಟೆಯ ವಿದೇಶಿ ಹೂಡಿಕೆದಾರರಿಂದಾಗಿ, ಇಲ್ಲೇ ಬೆಳೆದು ಇಲ್ಲಿಯವರೇ ನಡೆಸುವ ಬ್ಯಾಂಕೂ ಹಳೆಯ ಲೆಕ್ಕದಲ್ಲಿ ವಿದೇಶಿಯಾಗಬಹುದಿತ್ತು. ಅದರಿಂದ ನೆರವು ಪಡೆಯುವ ಸ್ವಯಂಸೇವಾ ಸಂಸ್ಥೆಗೂ ತೊಡಕಾಗುತ್ತಿತ್ತು. ಒಪ್ಪೋಣ. ಆದರೆ ಅದಕ್ಕೆ ಮದ್ದು, ಕಂಪನಿಯ ಲಗಾಮು ಯಾರ ಕೈಯಲ್ಲಿದೆ ಎಂದು ಕೇಳುವ ನಿಯಮ. ಹೂಡಿಕೆ ಮಿತಿಗೂ ರಾಜಕೀಯಕ್ಕೂ ಏನು ಸಂಬಂಧ? ಕಾರ್ಖಾನೆ ಹಾಕಲು ಎಷ್ಟು ಬಂಡವಾಳ ತರಬಹುದು ಎಂಬುದಕ್ಕೆ ಇಟ್ಟ ಅಂಕಿ ಅದು. ಹಲವು ವಲಯಗಳಲ್ಲಿ ಅದು ಶೇ 100. ಅಂದರೆ ಪೂರ್ತಿ ವಿದೇಶಿ ಒಡೆತನದ ಕಂಪನಿಯೂ ಪಕ್ಷಕ್ಕೆ ಚೆಕ್ ಬರೆಯುವಾಗ ಸ್ವದೇಶಿ. ಇನ್ನು, ಪ್ರಾಮಾಣಿಕ ಗೊಂದಲವನ್ನಷ್ಟೇ ಸರಿಪಡಿಸಿದ್ದೆಂದರೆ ಮುಂದಿನ ದಿನಾಂಕ ಸಾಕಿತ್ತು. 42 ವರ್ಷ ಹಿಂದಕ್ಕೆ ಹೋಗುವ ಅಗತ್ಯವೇನಿತ್ತು? ಪಕ್ಷಗಳಿಗೆ ಹೀಗೆ ಸಡಿಲಗೊಂಡ ಇದೇ ಕಾಯ್ದೆ ಉಳಿದವರಿಗೆ ಬಿಗಿಯಾಯಿತು: 2020ರಲ್ಲಿ ತಿದ್ದಿದಾಗ ಸ್ವಯಂಸೇವಾ ಸಂಸ್ಥೆಗಳ ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕಿಳಿಯಿತು, ಬಂದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದೂ ನಿಂತಿತು.

ಚುನಾವಣಾ ಬಾಂಡ್‌ಗಳ ಜೊತೆ ಈ ತಿದ್ದುಪಡಿಯೂ ಸುಪ್ರೀಂ ಕೋರ್ಟಿನ ಮುಂದಿತ್ತು. 2023ರಲ್ಲಿ ನ್ಯಾಯಾಲಯ ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಲು ನಿರ್ಧರಿಸಿತು. ಹಾಗಾಗಿ ಬಾಂಡ್‌ಗಳನ್ನು ರದ್ದುಪಡಿಸಿದ 2024ರ ಫೆಬ್ರುವರಿ 15ರ ತೀರ್ಪು ಈ ಸಾಲನ್ನು ಮುಟ್ಟಲಿಲ್ಲ.