ಜೀಪಿಗೊಂದು ಗಾಳಿ ಪಂಪು: ಕೊಳ್ಳುವ ಮೊದಲು ತಿಳಿಯಬೇಕಾದ ಸಂಗತಿಗಳು



ಖಂಡೆ ಪೂಜೆ ಮುಗಿದು ಕಬ್ಬು ನುರಿಸುವ ಹಂಗಾಮು ಹತ್ತಿರ ಬಂತೆಂದರೆ ನಮ್ಮ ಕಾರ್ಯಕ್ಷೇತ್ರದ ಹಳ್ಳಿಗಳಲ್ಲಿ ಗಾಡಿಗಳ ಓಡಾಟ ಹೆಚ್ಚುತ್ತದೆ. ಟ್ರ್ಯಾಕ್ಟರು, ಟ್ರಾಲಿ, ಎತ್ತಿನ ಟೈರು ಗಾಡಿ ಇವು ಕಬ್ಬು ಹೊರುವ ಸಾಧನಗಳು. ಇವುಗಳ ಜೊತೆಗೆ ಈಗ ಅನೇಕ ಸದಸ್ಯರ ಮನೆಯ ಮುಂದೆ ಬೊಲೆರೊ, ಸ್ಕಾರ್ಪಿಯೋದಂಥ ಎಸ್‌ಯುವಿ ಗಾಡಿಗಳೂ ನಿಂತಿರುತ್ತವೆ. ನಮ್ಮ ಜನ ಇವನ್ನೆಲ್ಲ ಜೀಪು ಎಂದೇ ಕರೆಯುವುದರಿಂದ ಈ ಲೇಖನದಲ್ಲಿಯೂ ಅದೇ ಹೆಸರನ್ನು ಬಳಸಿದ್ದೇನೆ. ಗೊಬ್ಬರದ ಚೀಲ ತರುವುದಕ್ಕೂ, ಟೋಳಿಯ ಜನರನ್ನು ಹೊಲಕ್ಕೆ ಮುಟ್ಟಿಸುವುದಕ್ಕೂ, ಅಪರಾತ್ರಿಯಲ್ಲಿ ಮನೆಯವರನ್ನು ದವಾಖಾನೆಗೆ ಒಯ್ಯುವುದಕ್ಕೂ ಈ ಜೀಪೇ ಆಧಾರ.

ಕಳೆದ ಹಂಗಾಮಿನಲ್ಲಿ ಮೈಂದರ್ಗಿ ಕಡೆಯ ಸದಸ್ಯರೊಬ್ಬರು ನಸುಕಿನಲ್ಲಿ ತಮ್ಮ ತಾಯಿಯನ್ನು ಸೋಲಾಪುರದ ದವಾಖಾನೆಗೆ ಕರೆದುಕೊಂಡು ಹೊರಟಿದ್ದರು. ದಾರಿಯಲ್ಲಿ ಹಿಂದಿನ ಟೈರು ಪಂಕ್ಚರ್ ಆಯಿತು. ಸ್ಟೆಪ್ನಿ ಹಾಕಿದರೆ ಅದರಲ್ಲಿಯೂ ಗಾಳಿ ಇಲ್ಲ. ಅವರಲ್ಲಿ ಹೊಸದಾಗಿ ಕೊಂಡ ಪಂಪು ಇತ್ತು. ಡಬ್ಬಿಯ ಮೇಲೆ 150 ಪೌಂಡು ಎಂದು ದೊಡ್ಡದಾಗಿ ಅಚ್ಚಾಗಿತ್ತು. ಅದು ಏಳೆಂಟು ನಿಮಿಷ ಓಡಿ, ಕಾದು ನಿಂತಿತು. ಮೀಟರು 18 ತೋರಿಸುತ್ತಿತ್ತು. ಮತ್ತೆ ಹಚ್ಚಿದಾಗ ಗಾಡಿಯ ಫ್ಯೂಜು ಹಾರಿತು. ಪುಣ್ಯಕ್ಕೆ ಹಿಂದಿನಿಂದ ಬಂದ ಟೆಂಪೋದವರು ತಾಯಿಯನ್ನು ಹತ್ತಿಸಿಕೊಂಡು ಹೋದರು. “ಸಾಹೇಬರ, 150ರ ಪಂಪು 32ಕ್ಕ ಯಾಕ ಮುಟ್ಟಲಿಲ್ಲ?” ಎಂದು ಆ ಸದಸ್ಯರು ಆಮೇಲೆ ನನ್ನನ್ನು ಕೇಳಿದರು. ಆ ಪ್ರಶ್ನೆಗೆ ಉತ್ತರವೇ ಈ ಲೇಖನ.

ಎತ್ತರ ಬೇರೆ, ನೀರು ಬೇರೆ

ಬಾವಿಗೆ ಮೋಟಾರು ಕೊಳ್ಳುವಾಗ ತಾವು ಎರಡು ಮಾತು ಕೇಳುತ್ತೀರಿ. ಎಷ್ಟು ಎತ್ತರಕ್ಕೆ ನೀರು ಎತ್ತುತ್ತದೆ ಎಂಬುದು ಒಂದು. ಆ ಎತ್ತರದಲ್ಲಿ ಎಷ್ಟು ನೀರು ಬೀಳುತ್ತದೆ ಎಂಬುದು ಇನ್ನೊಂದು. ಬಹಳ ಎತ್ತರಕ್ಕೆ ಎತ್ತಿ ಬೆರಳುಗಾತ್ರದ ನೀರು ಕೊಡುವ ಮೋಟಾರಿನಿಂದ ಒಂದು ಎಕರೆ ಕಬ್ಬೂ ತೋಯುವುದಿಲ್ಲ. ಗಾಳಿ ಪಂಪಿನ ಲೆಕ್ಕವೂ ಇದೇ. ಡಬ್ಬಿಯ ಮೇಲಿನ 150 ಪೌಂಡು ಎಂಬುದು ಎತ್ತರ ಇದ್ದಂತೆ. ಅಷ್ಟು ಒತ್ತಡ ಮುಟ್ಟುವ ಹೊತ್ತಿಗೆ ಪಂಪಿನಿಂದ ಹೊರಬೀಳುವ ಗಾಳಿ ಬಹುಮಟ್ಟಿಗೆ ನಿಂತೇ ಹೋಗಿರುತ್ತದೆ. ಜೀಪಿಗೆ ಅಷ್ಟು ಒತ್ತಡ ಬೇಕಾಗಿಯೂ ಇಲ್ಲ. ಬಹುತೇಕ ಜೀಪುಗಳಿಗೆ 30ರಿಂದ 36 ಪೌಂಡು ಸಾಕು. ಬೇಕಾದದ್ದು ಆ ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಬರುತ್ತದೆ ಎಂಬ ಲೆಕ್ಕ. ಆ ಅಂಕಿ ಡಬ್ಬಿಯ ಮಗ್ಗುಲಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಕೆಲವು ಡಬ್ಬಿಗಳ ಮೇಲೆ ಇರುವುದೇ ಇಲ್ಲ.

ಇಲ್ಲಿ ಪೌಂಡು ಎಂದರೆ ಒಂದು ಚದರ ಇಂಚಿನ ಮೇಲೆ ಬೀಳುವ ಒತ್ತಡ. ಮೀಟರಿನ ಮೇಲೆ ಇದನ್ನು ಪಿಎಸ್ಐ ಎಂದು ಬರೆದಿರುತ್ತಾರೆ. ಕೆಲವು ಮೀಟರುಗಳಲ್ಲಿ ಬಾರ್ ಅಥವಾ ಕಿಲೋ ಲೆಕ್ಕವಿರುತ್ತದೆ. 1 ಬಾರ್ ಎಂದರೆ 14.5 ಪೌಂಡು. ಆದ್ದರಿಂದ ಮೀಟರಿನಲ್ಲಿ 2.2 ಬಾರ್ ಕಂಡರೆ ಅದು 32 ಪೌಂಡಿಗೆ ಸಮ.

ಸ್ವಲ್ಪ ಲೆಕ್ಕ

ಸಾಮಾನ್ಯ ಜೀಪಿನ ಒಂದು ಟೈರಿನ ಒಳಗೆ ಸುಮಾರು 40 ಲೀಟರಿನಷ್ಟು ಜಾಗವಿರುತ್ತದೆ. 20 ಪೌಂಡಿಗೆ ಇಳಿದ ಟೈರನ್ನು 32ಕ್ಕೆ ಏರಿಸಲು ಹೊರಗಿನ ಗಾಳಿ ಸುಮಾರು 33 ಲೀಟರ್ ಬೇಕು. ಪೂರ್ತಿ ಇಳಿದ ಟೈರಿಗಾದರೆ ಸುಮಾರು 87 ಲೀಟರ್ ಬೇಕು. ನಿಮಿಷಕ್ಕೆ ನಿಜವಾಗಿ 10 ಲೀಟರ್ ಕೊಡುವ ಸಣ್ಣ ಪಂಪು ಮೊದಲನೆಯ ಕೆಲಸವನ್ನು ಮೂರೂವರೆ ನಿಮಿಷದಲ್ಲಿ ಮಾಡಿ ಮುಗಿಸುತ್ತದೆ. ಎರಡನೆಯದಕ್ಕೆ ಒಂಬತ್ತು ನಿಮಿಷ ಬೇಕು. ಸಣ್ಣ ಪಂಪುಗಳು ಎಂಟು, ಹತ್ತು ನಿಮಿಷ ಓಡಿದ ಮೇಲೆ ಆರಲೇಬೇಕು. ಮೈಂದರ್ಗಿಯ ಸದಸ್ಯರ ಪಂಪು ಸೋತದ್ದು ಇಲ್ಲಿಯೇ. ನಿಮಿಷಕ್ಕೆ 30, 35 ಲೀಟರ್ ಕೊಡುವ ಪಂಪಾಗಿದ್ದರೆ ಅದೇ ಕೆಲಸ ಮೂರು, ನಾಲ್ಕು ನಿಮಿಷದ್ದು.

ಇನ್ನು ಕಬ್ಬಿನ ಟ್ರಾಲಿಯ ಲೆಕ್ಕ ನೋಡಿ. 9.00-16 ಅಳತೆಯ ಟೈರಿನಲ್ಲಿ ಸುಮಾರು 80 ಲೀಟರ್ ಜಾಗ. ಅದನ್ನು 50 ಪೌಂಡಿನಿಂದ 80ಕ್ಕೆ ಏರಿಸಲು 160 ಲೀಟರಿಗಿಂತ ಹೆಚ್ಚು ಗಾಳಿ ಬೇಕು. ಒತ್ತಡ ಏರಿದಷ್ಟೂ ಪಂಪು ಕೊಡುವ ಗಾಳಿ ಕಡಿಮೆಯಾಗುತ್ತ ಹೋಗುವುದರಿಂದ ಜೀಪಿನ ಸಣ್ಣ ಪಂಪು ಈ ಕೆಲಸದಲ್ಲಿ ಸುಟ್ಟುಹೋಗುವುದೇ ಹೆಚ್ಚು. ಆದ್ದರಿಂದ ಜೀಪಿಗೆ ಕೊಂಡ ಪಂಪನ್ನು ನಂಬಿ ಟ್ರಾಲಿಯನ್ನು ರಸ್ತೆಗೆ ಇಳಿಸಬಾರದು. ಟ್ರಾಲಿಗೆ ಟಾಕಿ ಇರುವ ಕಂಪ್ರೆಸರಿನ ಗಾಳಿಯೇ ಬೇಕು. ಕಡಿದ ಕಬ್ಬು ದಾರಿಯಲ್ಲಿ ನಿಂತಷ್ಟು ಹೊತ್ತು ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ ಎಂಬುದು ತಮಗೆ ಗೊತ್ತೇ ಇದೆ.

ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಟೈರಿನ ಕಥೆ ಬೇರೆ. ಅದರೊಳಗೆ 200 ಲೀಟರಿನಷ್ಟು ಜಾಗವಿದ್ದರೂ ಹೊಲದ ಕೆಲಸಕ್ಕೆ ಒತ್ತಡ 12ರಿಂದ 16 ಪೌಂಡು ಮಾತ್ರ. ನಾಲ್ಕು ಪೌಂಡು ಏರಿಸಲು ಬೇಕಾಗುವುದು 55 ಲೀಟರಿನಷ್ಟು ಗಾಳಿ. ತಾಳ್ಮೆ ಇದ್ದರೆ ಜೀಪಿನ ಒಳ್ಳೆಯ ಪಂಪು ಇದನ್ನು ಮಾಡಬಲ್ಲದು. ಹಿಂದಿನ ಟೈರಿನಲ್ಲಿ ಗಾಳಿ ವಿಪರೀತವಾದರೆ ನಮ್ಮ ಎರೆಭೂಮಿ ಒತ್ತಿ ಗಟ್ಟಿಯಾಗಿ, ಕೂಳೆ ಕಬ್ಬಿನ ಅಂದರೆ ಖೋಡವಾದ ಬೇರಿಗೆ ತೊಂದರೆ. ಹೀಗಾಗಿ ಸರಿಯಾದ ಮೀಟರು ಕೈಯಲ್ಲಿರುವುದು ಬೆಳೆಗೂ ಹಿತ.

ಪಂಪುಗಳ ಬಗೆಗಳು

1. ಕಾಲು ಪಂಪು: ಕರೆಂಟು ಬೇಡ, ಬ್ಯಾಟರಿ ಬೇಡ. ಮೋಟಾರ್ ಸೈಕಲ್ಲಿಗೆ ಚೆನ್ನು. ಜೀಪಿನ ಟೈರಿಗೆ ನಾಲ್ಕಾರು ಪೌಂಡು ಏರಿಸಬಹುದು. ಪೂರ್ತಿ ಇಳಿದ ಟೈರಿಗೆ ಇಬ್ಬರು ಸರದಿಯಲ್ಲಿ ತುಳಿಯಬೇಕು.

2. ಗಾಡಿಯೊಳಗಿನ ಸಾಕೆಟ್ಟಿಗೆ ಹಚ್ಚುವ 12 ವೋಲ್ಟಿನ ಪಂಪು: ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವುದು ಇದೇ. ಆ ಸಾಕೆಟ್ಟಿನ ಫ್ಯೂಜು ಸಾಮಾನ್ಯವಾಗಿ 10ರಿಂದ 15 ಆಂಪಿಯರಿನದು, ಅಂದರೆ 120ರಿಂದ 180 ವ್ಯಾಟಿಗಿಂತ ಹೆಚ್ಚಿನ ಪಂಪನ್ನು ಅದು ತಾಳುವುದಿಲ್ಲ. ಪಂಪಿನ ಮೇಲಿನ ಆಂಪಿಯರ್ ಅಂಕಿ ತಮ್ಮ ಗಾಡಿಯ ಫ್ಯೂಜಿಗಿಂತ ಕಡಿಮೆ ಇರಬೇಕು. ತಿಂಗಳಿಗೊಮ್ಮೆ ಗಾಳಿ ಸರಿಪಡಿಸಿಕೊಳ್ಳುವವರಿಗೆ ಇದು ಸಾಕು.

3. ಬ್ಯಾಟರಿಗೆ ನೇರವಾಗಿ ಚಿಮಟಿ ಹಚ್ಚುವ ಪಂಪು: ಇದರಲ್ಲಿ ಒಂದು ಅಥವಾ ಎರಡು ಸಿಲಿಂಡರ್ ಇರುತ್ತವೆ. ಸಾಕೆಟ್ಟಿನ ಮಿತಿ ಇದಕ್ಕಿಲ್ಲವಾದ್ದರಿಂದ ಗಾಳಿ ಹೆಚ್ಚು. ತೂಕವೂ ಬೆಲೆಯೂ ಹೆಚ್ಚು. ಹೊಲದ ದಾರಿಯಲ್ಲಿ ದಿನಾಲು ಓಡಾಡುವ, ಒಂದಕ್ಕಿಂತ ಹೆಚ್ಚು ಗಾಡಿ ಇರುವ ಮನೆಗೆ ನನ್ನ ಸಲಹೆ ಇದೇ.

4. ತನ್ನದೇ ಬ್ಯಾಟರಿ ಇರುವ, ಚಾರ್ಜು ಮಾಡುವ ಪಂಪು: ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ವೈರಿನ ತೊಡಕಿಲ್ಲ. ಆದರೆ ನಮ್ಮ ಭಾಗದ ಬೇಸಿಗೆಯ 40 ಡಿಗ್ರಿ ಮೀರಿದ ಬಿಸಿಲಿನಲ್ಲಿ ಮುಚ್ಚಿದ ಗಾಡಿಯೊಳಗೆ ಇಟ್ಟರೆ ಇದರ ಬ್ಯಾಟರಿ ಬೇಗ ಕೆಡುತ್ತದೆ. ಚಾರ್ಜು ಮಾಡಲು ಮರೆತರೆ ಬೇಕಾದ ಗಳಿಗೆಯಲ್ಲಿ ಕೈಕೊಡುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಮೊದಲನೆಯದಾಗಿ, ನಿಮಿಷಕ್ಕೆ ಎಷ್ಟು ಲೀಟರ್ ಎಂದು ಕೇಳಿರಿ. ಡಬ್ಬಿಯ ಮೇಲಿನ ಅಂಕಿ ಒತ್ತಡವಿಲ್ಲದಾಗಿನದು. ಟೈರಿಗೆ ಹಚ್ಚಿದಾಗ ಅದಕ್ಕಿಂತ ಕಡಿಮೆಯೇ ಬರುತ್ತದೆ. ಆದ್ದರಿಂದ ಸಾಧ್ಯವಾದರೆ ಅಂಗಡಿಯ ಮುಂದೆಯೇ ತಮ್ಮ ಜೀಪಿನ ಒಂದು ಟೈರನ್ನು 20ಕ್ಕೆ ಇಳಿಸಿ, ಗಡಿಯಾರ ಹಿಡಿದು 32ಕ್ಕೆ ಏರಿಸಿ ನೋಡಿರಿ. ಎರಡು ನಿಮಿಷದೊಳಗೆ ಆದರೆ ಉತ್ತಮ. ಐದು ನಿಮಿಷ ಮೀರಿದರೆ ಆ ಪಂಪು ಜೀಪಿನದಲ್ಲ, ಮೋಟಾರ್ ಸೈಕಲ್ಲಿನದು.

ಎರಡನೆಯದಾಗಿ, ಬಿಡದೆ ಎಷ್ಟು ನಿಮಿಷ ಓಡಿಸಬಹುದು, ಆಮೇಲೆ ಎಷ್ಟು ಹೊತ್ತು ಆರಿಸಬೇಕು ಎಂಬುದನ್ನು ಕೈಪಿಡಿಯಲ್ಲಿ ಓದಿಸಿಕೊಳ್ಳಿರಿ. ಕಾದಾಗ ತಾನೇ ನಿಲ್ಲುವ ವ್ಯವಸ್ಥೆ ಇದ್ದರೆ ಮೋಟಾರು ಉಳಿಯುತ್ತದೆ.

ಮೂರನೆಯದಾಗಿ, ವೈರು ಮತ್ತು ಪೈಪು ಕೂಡಿ ಹಿಂದಿನ ಚಕ್ರಕ್ಕೂ ಸ್ಟೆಪ್ನಿಗೂ ಮುಟ್ಟಬೇಕು. ನಾಲ್ಕು ಮೀಟರ್ ಉದ್ದದ ಗಾಡಿಗೆ ನಾಲ್ಕೂವರೆ ಮೀಟರಾದರೂ ಬೇಕು. ಪೈಪಿನ ತುದಿಯ ಕೂಡಿಕೆ ಹಿತ್ತಾಳೆಯದಾಗಿದ್ದರೆ ಒಳ್ಳೆಯದು. ಪ್ಲಾಸ್ಟಿಕ್ಕಿನದು ಬಿಸಿಗೆ ಸಡಿಲಾಗುತ್ತದೆ.

ನಾಲ್ಕನೆಯದಾಗಿ, ಬೇಕಾದ ಪೌಂಡು ಬಂದ ಕೂಡಲೇ ತಾನೇ ನಿಲ್ಲುವ ಪಂಪು ಅನುಕೂಲವೇ. ಆದರೆ ಅದರ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿರಿ. ಎರಡು, ಮೂರು ಪೌಂಡು ಹೆಚ್ಚುಕಡಿಮೆ ತೋರಿಸುವುದುಂಟು. ಬೇರೆಯಾಗಿ ಒಂದು ಕೈ ಮೀಟರನ್ನು ಕೊಂಡು ಹೋಲಿಸಿ, ವ್ಯತ್ಯಾಸವನ್ನು ಪಂಪಿನ ಮೇಲೆಯೇ ಬರೆದಿಡಿರಿ.

ಐದನೆಯದಾಗಿ, ರಸೀದಿ ಮತ್ತು ಗ್ಯಾರಂಟಿ ಕಾರ್ಡು ಇಲ್ಲದೆ ಕೊಳ್ಳಬೇಡಿರಿ.

ಬಳಸುವ ಕ್ರಮ

ಎಷ್ಟು ಗಾಳಿ ಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯ ಮೇಲೆ ಅಥವಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಹೊರೆ ಹಾಕಿದಾಗ ಹಿಂದಿನ ಟೈರಿಗೆ ಹೆಚ್ಚು ಬೇಕಾದರೆ ಅದನ್ನೂ ಅಲ್ಲಿಯೇ ಬರೆದಿರುತ್ತಾರೆ. ಟೈರಿನ ಮಗ್ಗುಲಲ್ಲಿ ಅಚ್ಚಾದ ಗರಿಷ್ಠ ಅಂಕಿ ಜೀಪಿಗೆ ತುಂಬಬೇಕಾದ ಗಾಳಿಯಲ್ಲ. ಟೈರು ತಾಳುವ ಮಿತಿ ಮಾತ್ರ.

ಗಾಳಿಯನ್ನು ಟೈರು ತಣ್ಣಗಿರುವಾಗ, ಗಾಡಿ ಮೂರು ತಾಸಾದರೂ ನಿಂತ ಮೇಲೆ ಅಳೆಯಬೇಕು. ಓಡಿ ಬಂದ ಟೈರು ಬಿಸಿಯಾಗಿ ನಾಲ್ಕಾರು ಪೌಂಡು ಹೆಚ್ಚು ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಡಬಾರದು. ಇದಕ್ಕೆ ವಿರುದ್ಧವಾಗಿ ಹವೆ ತಂಪಾದರೆ ಗಾಳಿ ಇಳಿಯುತ್ತದೆ. ಐದಾರು ಡಿಗ್ರಿಗೆ ಒಂದು ಪೌಂಡು ಎಂದು ಸ್ಥೂಲವಾಗಿ ತಿಳಿಯಬಹುದು. ಬೇಸಿಗೆಯಲ್ಲಿ ತುಂಬಿಸಿದ ಗಾಳಿಯನ್ನು ಚಳಿ ಬಿದ್ದ ಮೇಲೆ ಮತ್ತೆ ನೋಡಲೇಬೇಕು. ಇದಲ್ಲದೆ ಒಳ್ಳೆಯ ಟೈರೂ ತಿಂಗಳಿಗೆ ಒಂದೆರಡು ಪೌಂಡು ಕಳೆದುಕೊಳ್ಳುತ್ತದೆ. ಗಾಳಿ ಕಡಿಮೆಯಾದ ಟೈರಿನ ಮಗ್ಗುಲು ಮಡಚಿ ಬಿಚ್ಚಿ ಕಾಯುತ್ತದೆ; ಹೊರೆಯ ಗಾಡಿಯಲ್ಲಿ ಟೈರು ಸಿಡಿಯುವುದಕ್ಕೆ ಇದೇ ದೊಡ್ಡ ಕಾರಣ.

ಪಂಪು ಹಚ್ಚುವಾಗ ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ನನ್ನು ಬಯಲಿನಲ್ಲಿ ಚಾಲೂ ಇಡಿರಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡುವುದು ಜೀವಕ್ಕೆ ಅಪಾಯ. ಕೆಂಪು ಚಿಮಟಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. 12 ವೋಲ್ಟಿನ ಪಂಪನ್ನು ಲಾರಿಯ 24 ವೋಲ್ಟಿಗೆ ಹಚ್ಚಿದರೆ ಮೋಟಾರು ಸುಡುತ್ತದೆ. ಎರೆಮಣ್ಣಿನ ಧೂಳಿನ ಮೇಲೆ ಪಂಪನ್ನು ನೇರವಾಗಿ ಇಡದೆ ಕೆಳಗೊಂದು ಗೋಣಿಚೀಲ ಹಾಸಿರಿ. ಟ್ರ್ಯಾಕ್ಟರಿನ ಟೈರಿಗೆ ನೀರು ತುಂಬಿಸಿದ್ದರೆ ವಾಲ್ವು ಮೇಲೆ ಬರುವಂತೆ ಚಕ್ರ ತಿರುಗಿಸಿಕೊಳ್ಳಿರಿ. ಇಲ್ಲವಾದರೆ ನೀರು ಮೀಟರಿನೊಳಗೆ ನುಗ್ಗುತ್ತದೆ.

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದ್ದರೆ ದಾರಿಯಲ್ಲಿ ಅದನ್ನು ಕೀಳಬೇಡಿರಿ. ಗಾಳಿ ತುಂಬಿಸಿಕೊಂಡು ನಿಧಾನವಾಗಿ ಪಂಕ್ಚರ್ ಅಂಗಡಿ ಮುಟ್ಟಿರಿ. ಪಂಪಿನ ನಿಜವಾದ ಉಪಕಾರ ಇಂಥಲ್ಲಿಯೇ ಕಾಣುವುದು. ಆದರೆ ಟೈರು ರಿಮ್ಮಿನಿಂದ ಕಳಚಿದ್ದರೆ ಸಣ್ಣ ಪಂಪಿನಿಂದ ಅದು ಕೂಡುವುದಿಲ್ಲ.

ಗಾಳಿ ತುಂಬಲೇಬಾರದ ಟೈರು

ಗಾಳಿಯಿಲ್ಲದೆ ದೂರ ಓಡಿದ, ಮಗ್ಗುಲು ಉಬ್ಬಿದ, ನೂಲು ಕಾಣುವ ಟೈರಿಗೆ ದಾರಿಯಲ್ಲಿ ಗಾಳಿ ತುಂಬಬೇಡಿರಿ. ಒಳಗಿನ ನೂಲು ಹರಿದಿದ್ದರೆ ತುಂಬುವಾಗಲೇ ಸಿಡಿಯಬಹುದು. ಸ್ಟೆಪ್ನಿ ಹಾಕಿಕೊಳ್ಳಿರಿ. ಯಾವ ಟೈರಿಗೇ ಆಗಲಿ ಗಾಳಿ ತುಂಬುವಾಗ ಅದರ ಮಗ್ಗುಲಿಗೆ ಎದುರಾಗಿ ಕೂಡದೆ, ರಸ್ತೆಗೆ ತಾಗುವ ಭಾಗದ ನೇರಕ್ಕೆ ಸರಿದು ನಿಲ್ಲಿರಿ. ಮಕ್ಕಳನ್ನು ದೂರವಿಡಿರಿ. ಟ್ರಾಲಿಯ ಟೈರಿನ ಬಳಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಕೊನೆಯದಾಗಿ ಒಂದು ವಿನಂತಿ. ಹೊಸ ಪಂಪು ಕೊಳ್ಳುವವರು ಕೊಳ್ಳಲಿ, ಆದರೆ ಈ ಬುಲೆಟಿನ್ ಓದಿದ ದಿನವೇ ತಮ್ಮ ಜೀಪಿನ ಸ್ಟೆಪ್ನಿಯ ಗಾಳಿಯನ್ನು ಒಮ್ಮೆ ನೋಡಿರಿ. ಆ ನಸುಕಿನಲ್ಲಿ ಮೈಂದರ್ಗಿಯ ಸದಸ್ಯರ ಸ್ಟೆಪ್ನಿಯಲ್ಲಿ 32 ಪೌಂಡು ಗಾಳಿ ಇದ್ದಿದ್ದರೆ ಪಂಪಿನ ಡಬ್ಬಿಯನ್ನು ಬಿಚ್ಚುವ ಪ್ರಸಂಗವೇ ಬರುತ್ತಿರಲಿಲ್ಲ.

ಕಬ್ಬು ಅಭಿವೃದ್ಧಿ ಅಧಿಕಾರಿ